ಪಾರಿವಾಳದ ಗೂಡಿಗೆ ಕಡ್ಡಿ, ನಾರು, ಹುಲ್ಲು: ಯಾವುದನ್ನು ಆಯ್ದುಕೊಳ್ಳಬೇಕು, ಹೇಗೆ ಹದಗೊಳಿಸಬೇಕು?

ಬಿಳಿಗರಿ:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಎರಡು ಜೋಡಿ ಪಾರಿವಾಳಗಳಿವೆ. ಸಾಕತೊಡಗಿ ಇನ್ನೂ ಒಂದು ವರ್ಷ ತುಂಬಿಲ್ಲ. ಗೂಡಿನ ವಿಷಯದಲ್ಲಿ ನಾನು ಮಾಡಿದ ತಪ್ಪುಗಳನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಏಕೆಂದರೆ ಅವುಗಳನ್ನು ಮುಚ್ಚಿಟ್ಟು ಪ್ರಶ್ನೆ ಕೇಳಿದರೆ ಉತ್ತರ ಕೊಡುವವರಿಗೆ ಹಿಡಿತವೇ ಸಿಗುವುದಿಲ್ಲ.

ಮೊದಲ ಸಲ ಒಂದು ನುಣುಪಾದ ಪ್ಲಾಸ್ಟಿಕ್ ಬಟ್ಟಲನ್ನು ಗೂಡುಪೆಟ್ಟಿಗೆಯಲ್ಲಿಟ್ಟು ಸುಮ್ಮನಾದೆ. ಎರಡನೆಯ ಮೊಟ್ಟೆ ಬಂದ ಮರುದಿನವೇ ಎರಡೂ ಒಂದಕ್ಕೊಂದು ತಾಗಿ ಒಂದರ ಚಿಪ್ಪು ಬಿರಿಯಿತು. ಎರಡನೆಯ ಸಲ ಹಳೆಯ ಟವೆಲಿನ ತುಂಡನ್ನು ಹಾಸಿದೆ. ಮರಿಗಳೇನೋ ಹೊರಬಂದವು, ಆದರೆ ಟವೆಲಿನಿಂದ ಎದ್ದ ನೂಲೊಂದು ಒಂದು ಮರಿಯ ಬೆರಳಿಗೆ ಸುತ್ತಿಕೊಂಡು, ನಾನು ಗಮನಿಸುವಷ್ಟರಲ್ಲಿ ಬೆರಳು ಕಪ್ಪಾಗಿ ಹೋಗಿತ್ತು. ಮೂರನೆಯ ಸಲ ಮರಗೆಲಸದಲ್ಲಿ ಉಳಿದ ಗರಗಸದ ಪುಡಿಯನ್ನು ಬಟ್ಟಲಿನ ತುಂಬ ತುಂಬಿದೆ. ಹಕ್ಕಿಗಳು ಹೊರಳಿ ಕುಳಿತಂತೆಲ್ಲ ಪುಡಿ ಅಂಚಿಗೆ ಸರಿದು, ತಳ ಮತ್ತೆ ಬರಿದಾಯಿತು. ಈಗ ಆ ಬಟ್ಟಲಿನಲ್ಲಿ 6 ದಿನದ ಎರಡು ಮರಿಗಳಿವೆ. ಒಂದರ ಕಾಲುಗಳು ಎರಡೂ ಪಕ್ಕಕ್ಕೆ ಜಾರಿ, ಈಜುವ ಕಪ್ಪೆಯಂತೆ ಚಾಚಿಕೊಂಡಿವೆ.

ನನಗೆ ಅರ್ಥವಾಗದ ಸಂಗತಿ ಇನ್ನೊಂದಿದೆ. ಬಟ್ಟಲಿನ ತುಂಬ ಮೆತ್ತನೆಯ ಪುಡಿಯಿದ್ದರೂ ಗಂಡು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನೆಲದ ಮೇಲೆ ಬಿದ್ದಿದ್ದ ತನ್ನದೇ ಬಾಲದ ಗರಿಗಳನ್ನೂ, ಎಲ್ಲಿಂದಲೋ ಬಂದ ತಂತಿಯ ಚೂರನ್ನೂ ಹೆಕ್ಕಿ ತಂದು ಹೆಣ್ಣಿಗೆ ಒಪ್ಪಿಸುತ್ತಿತ್ತು. ಗೂಡಿಗೆ ನಿಜವಾಗಿ ಬೇಕಾದದ್ದೇನು, ಅದನ್ನು ಎಷ್ಟು, ಯಾವಾಗ, ಹೇಗೆ ಒದಗಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಒಂಟಿಕಡ್ಡಿ:

ಉಳಿದದ್ದನ್ನೆಲ್ಲ ಆಮೇಲೆ ಮಾತನಾಡೋಣ, ಮೊದಲು ಮರಿಯ ಕಾಲನ್ನು ನೋಡಿ. 6 ದಿನವೆಂದರೆ ಇನ್ನೂ ಸಮಯವಿದೆ. ಮೂಳೆಯೂ ಕೀಲೂ ಮೆತ್ತಗಿರುವ ಮೊದಲ ವಾರ, ಹತ್ತು ದಿನಗಳೊಳಗೆ ಸರಿಪಡಿಸಲು ಹೊರಟರೆ ಫಲ ಸಿಗುವ ಸಂಭವ ಹೆಚ್ಚು, ಎರಡು ವಾರ ದಾಟಿದ ಮೇಲೆ ಕಷ್ಟ. ಬಟ್ಟಲಿನ ಪುಡಿಯನ್ನು ಪೂರ್ತಿ ತೆಗೆದು, ತಳದಲ್ಲಿ ಒರಟಾದ ಕಡ್ಡಿ ಅಥವಾ ಒಣಹುಲ್ಲನ್ನು ದಟ್ಟವಾಗಿ ಒತ್ತಿ, ನಡುವೆ ಮರಿಯ ಮೈ ಕೂರುವಷ್ಟು ಕುಳಿ ಮಾಡಿ. ಕುಳಿಯ ಗೋಡೆಯೇ ಕಾಲುಗಳನ್ನು ಒಳಕ್ಕೆ ತಳ್ಳುತ್ತದೆ. ಅದರ ಜೊತೆಗೆ, ಗಾಯಕ್ಕೆ ಸುತ್ತುವಂಥ ಮೃದುವಾದ, ತನಗೆ ತಾನೇ ಅಂಟಿಕೊಳ್ಳುವ ಪಟ್ಟಿಯಿಂದ ಎರಡು ಕಾಲುಗಳನ್ನೂ ಸಹಜವಾಗಿ ನಿಲ್ಲುವಾಗ ಇರುವಷ್ಟೇ ಅಂತರದಲ್ಲಿ ಸಡಿಲವಾಗಿ ಜೋಡಿಸಿ. ದಿನಕ್ಕೊಮ್ಮೆ ಬಿಚ್ಚಿ, ಪಾದ ಬಾತಿದೆಯೇ, ಬಣ್ಣ ಕೆಟ್ಟಿದೆಯೇ ಎಂದು ನೋಡಿ ಮತ್ತೆ ಕಟ್ಟಬೇಕು, ಏಕೆಂದರೆ ಆ ವಯಸ್ಸಿನ ಮರಿ ದಿನದಿಂದ ದಿನಕ್ಕೆ ದಪ್ಪವಾಗುತ್ತದೆ. ಹತ್ತಿರದಲ್ಲಿ ಹಕ್ಕಿಗಳನ್ನು ಬಲ್ಲ ಪಶುವೈದ್ಯರಿದ್ದರೆ ಒಮ್ಮೆ ತೋರಿಸಿ.

ನೂಲು, ದಾರ, ಕೂದಲು, ಬಟ್ಟೆಯ ಅಂಚು, ಬಿಚ್ಚಿದ ಪ್ಲಾಸ್ಟಿಕ್ ಚೀಲದ ಎಳೆ, ಇವು ಯಾವುವೂ ಗೂಡಿನ ಹತ್ತಿರಕ್ಕೂ ಬರಬಾರದು.

ಹಳೆಯ ಅಟ್ಟ:

ಬಿಳಿಗರಿಯವರೇ, ನಿಮ್ಮ ಗಂಡು ತಂತಿಯ ಚೂರನ್ನು ಹೊತ್ತು ತಂದದ್ದರಲ್ಲೇ ನಿಮ್ಮ ಪ್ರಶ್ನೆಗೆ ಉತ್ತರವಿದೆ. ಅದಕ್ಕೆ ಬೇಕಾಗಿದ್ದುದು ಮೆತ್ತನೆಯ ಹಾಸಿಗೆಯಲ್ಲ. ಕೊಕ್ಕಿನಲ್ಲಿ ಕಚ್ಚಿ ಎತ್ತಿಕೊಂಡು ಹೋಗಬಹುದಾದ, ಉದ್ದವಾದ, ತುಸು ಬಿರುಸಾದ ವಸ್ತು. ಪುಡಿಯನ್ನು ಯಾವ ಗಂಡೂ ಹೊರಲಾರದು.

ಪಾರಿವಾಳದ ಗೂಡನ್ನು ಕಂಡು ನಗದವರಿಲ್ಲ. ಗೀಜಗದ ನೇಯ್ಗೆಯ ಪಕ್ಕದಲ್ಲಿಟ್ಟರೆ ಇದು ಯಾರೋ ಕೈಜಾರಿ ಬೀಳಿಸಿದ ಕಡ್ಡಿಗಳಂತೆ ಕಾಣುತ್ತದೆ. ಆದರೆ ನಮ್ಮ ಎಲ್ಲ ಸಾಕು ಪಾರಿವಾಳಗಳ ಮೂಲಹಕ್ಕಿಯಾದ ಬಂಡೆ ಪಾರಿವಾಳವು ಕಡಿದಾದ ಬಂಡೆಗಳ ಚಾಚುಗಳಲ್ಲಿಯೂ ಗುಹೆಗಳ ಒಳಗಿನ ಅಟ್ಟಗಳಲ್ಲಿಯೂ ಮೊಟ್ಟೆಯಿಡುವ ಹಕ್ಕಿ. ಅದಕ್ಕೆ ಗಾಳಿಮಳೆಯನ್ನು ತಡೆಯಲು ಬಂಡೆಯೇ ಇದೆ. ಗೂಡು ಮಾಡಬೇಕಾದ ಕೆಲಸ ಎರಡೇ: ಮೊಟ್ಟೆ ಉರುಳದಂತೆ ಹಿಡಿದಿಡುವುದು, ಮರಿಯ ಬೆರಳಿಗೆ ಹಿಡಿತ ಕೊಡುವುದು. ನಿಮ್ಮ ಮೂರು ಪ್ರಯತ್ನಗಳಲ್ಲಿ ಮೊದಲನೆಯದು ಒಂದನೆಯ ಕೆಲಸದಲ್ಲಿ ಸೋತಿತು, ಮೂರನೆಯದು ಎರಡನೆಯದರಲ್ಲಿ. ಟವೆಲಿನ ಮಾತು ಬೇರೆ.

ಕಟ್ಟುವ ಕ್ರಮವನ್ನು ಒಂದು ದಿನ ದೂರದಲ್ಲಿ ಕುಳಿತು ನೋಡಿ. ಜಾಗವನ್ನು ಆರಿಸಿದ ಹಕ್ಕಿ ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತು, ನರಳಿದಂತೆ ದೀರ್ಘವಾದ ಒಂದು ಕರೆಯನ್ನು ಕೊಡುತ್ತದೆ. ಹೆಣ್ಣು ಬಂದು ಕೂತ ಮೇಲೆ ಗಂಡು ಹೊರಕ್ಕೆ ಹೋಗಿ ಒಂದು ಕಡ್ಡಿಯನ್ನು ಎತ್ತುತ್ತದೆ, ಅಲುಗಾಡಿಸಿ ನೋಡುತ್ತದೆ, ಇಷ್ಟವಾಗದಿದ್ದರೆ ಬಿಟ್ಟು ಇನ್ನೊಂದನ್ನು ಎತ್ತುತ್ತದೆ. ಒಂದು ಸಲಕ್ಕೆ ಒಂದೇ ಕಡ್ಡಿ. ಎಷ್ಟೋ ಸಲ ಹೆಣ್ಣಿನ ಬೆನ್ನ ಮೇಲೆಯೇ ಹತ್ತಿ ನಿಂತು ಅದನ್ನು ಮುಂದಿಡುತ್ತದೆ. ಹೆಣ್ಣು ಅದನ್ನು ಕೊಕ್ಕಿನಿಂದ ತೆಗೆದುಕೊಂಡು ತನ್ನ ಎದೆಯ ಕೆಳಗೆ, ಪಕ್ಕಕ್ಕೆ ಸಿಕ್ಕಿಸಿಕೊಂಡು, ಎದೆಯಿಂದ ಒತ್ತುತ್ತ ಸುತ್ತಲೂ ತಿರುಗುತ್ತದೆ. ಬಟ್ಟಲಿನ ಆಕಾರ ಬರುವುದು ಆ ಒತ್ತಿನಿಂದ. ಆದ್ದರಿಂದ ಬಾಗಿ ನಿಲ್ಲುವ ಗುಣ ಕಡ್ಡಿಗೆ ಇರಬೇಕು. ಒತ್ತಿದ ಕೂಡಲೇ ಮುರಿಯುವುದೂ ಬೇಡ, ಒತ್ತು ತೆಗೆದ ಕೂಡಲೇ ಸ್ಪ್ರಿಂಗಿನಂತೆ ಚಿಮ್ಮಿ ಹೊರಬರುವುದೂ ಬೇಡ.

ನನ್ನ ಅಳತೆ ಹೀಗಿದೆ. ಉದ್ದ 10ರಿಂದ 15 ಸೆಂಟಿಮೀಟರ್. 20 ದಾಟಿದರೆ ಗೂಡುಪೆಟ್ಟಿಗೆಯ ಬಾಗಿಲಿಗೆ ಅಡ್ಡ ಸಿಕ್ಕಿ ಗಂಡು ಬೇಸತ್ತು ಕೆಳಗೆ ಹಾಕುತ್ತದೆ. ದಪ್ಪ 2ರಿಂದ 3 ಮಿಲಿಮೀಟರ್. ಸರ್ವೆ ಮರದ ಅಡಿಯಲ್ಲಿ ಬಿದ್ದಿರುವ ಸೂಜಿಗಳು (ಅವು ನಿಜವಾಗಿ ಎಲೆಗಳಲ್ಲ, ಗಿಣ್ಣುಗಿಣ್ಣಾದ ಎಳೆಯ ರೆಂಬೆಗಳು), ಪೈನ್ ಮರದ ಸೂಜಿ ಎಲೆಗಳು, ಧಾನ್ಯದ ಬೆಳೆಗಳ ಒಣಕಾಂಡ, ತೆಂಗಿನ ಗರಿಯ ಕಡ್ಡಿಯನ್ನು ತುಂಡರಿಸಿದ್ದು, ಮರಗಳ ತುದಿಯ ತೆಳುವಾದ ಒಣರೆಂಬೆ, ಇವಿಷ್ಟನ್ನೂ ನಾನು ಬಳಸಿದ್ದೇನೆ. ಎಲ್ಲವನ್ನೂ ಬೆರೆಸಿ ಇಟ್ಟರೆ ಹಕ್ಕಿಗಳೇ ಆರಿಸಿಕೊಳ್ಳುತ್ತವೆ; ಒಂದು ಜೋಡಿಗೆ ಹುಲ್ಲಿನ ಕಾಂಡವೇ ಬೇಕು, ಪಕ್ಕದ ಜೋಡಿ ಅದನ್ನು ಮೂಸಿಯೂ ನೋಡುವುದಿಲ್ಲ. ಹೀಗೇಕೆ ಎಂದು ಇಷ್ಟು ವರ್ಷಗಳಲ್ಲಿ ನನಗೆ ಹೊಳೆದಿಲ್ಲ, ಅವುಗಳ ಜೊತೆ ವಾದಿಸುವುದನ್ನು ಬಿಟ್ಟಿದ್ದೇನೆ.

ಬಟ್ಟಲನ್ನು ಬಿಡಬೇಡಿ, ಆದರೆ ಒಳಮೈ ಒರಟಾಗಿರುವ ಮಣ್ಣಿನ ಬಟ್ಟಲು ಅಥವಾ ಕಾಗದದ ತಿರುಳಿನಿಂದ ಮಾಡಿದ್ದು ಒಳ್ಳೆಯದು. ಮಧ್ಯಮ ಗಾತ್ರದ ತಳಿಗೆ 20ರಿಂದ 25 ಸೆಂಟಿಮೀಟರ್ ಅಗಲ, 7–8 ಸೆಂಟಿಮೀಟರ್ ಆಳ ಸಾಕು. ಅದರ ಒಂದು ಬದಿಗೆ ಇಟ್ಟಿಗೆಯನ್ನು ಒತ್ತಿ ಇಡಿ. ಬಟ್ಟಲು ಮಗುಚುವುದಿಲ್ಲ, ಹಕ್ಕಿಯೂ ನೇರವಾಗಿ ಮೊಟ್ಟೆಯ ಮೇಲೆ ಹಾರಿ ಇಳಿಯದೆ ಇಟ್ಟಿಗೆಯ ಮೇಲೆ ಕಾಲಿಟ್ಟು ಒಳಗೆ ಬರುತ್ತದೆ. ತಳಕ್ಕೆ ನೀವೇ ಎರಡು ಬೆರಳಷ್ಟು ದಪ್ಪಕ್ಕೆ ಹುಲ್ಲನ್ನು ಒತ್ತಿಡಿ. ಅದಕ್ಕಿಂತ ಹೆಚ್ಚು ಮಾಡಬೇಡಿ. ಉಳಿದದ್ದನ್ನು ಅವು ಮಾಡಿಕೊಳ್ಳಲಿ.

ಮರದಚಕ್ಕೆ:

ಹಿರಿಯರ ಮಾತನ್ನು ಅಲ್ಲಗಳೆಯುವುದಿಲ್ಲ, ಆದರೆ ಮರದ ವಸ್ತುವನ್ನು ಸಾರಾಸಗಟಾಗಿ ತಳ್ಳಿಹಾಕಬಾರದು. ಗರಗಸದ ಪುಡಿ ಬೇರೆ, ಉಜ್ಜುಗೊರಡಿನಿಂದ ಬರುವ ಸುರುಳಿಯ ಹೊಪ್ಪಳಿಕೆ ಬೇರೆ. ಪುಡಿ ಮರಿಯ ಕಣ್ಣು, ಮೂಗು, ಬಾಯಿಗೆ ಹೋಗುತ್ತದೆ; ತಾಯಿತಂದೆ ಗುಟುಕು ಕೊಡುವಾಗ ಒದ್ದೆಯಾದ ಕೊಕ್ಕಿಗೆ ಅಂಟಿ ಹೊಟ್ಟೆಗೂ ಸೇರುತ್ತದೆ. ದೊಡ್ಡ ಸುರುಳಿಗಳಿಗೆ ಆ ದೋಷ ಕಡಿಮೆ, ತೇವವನ್ನು ಹೀರುವುದರಲ್ಲಿ ಅವು ಹುಲ್ಲಿಗಿಂತ ಮೇಲು. ನಾನು ಬಟ್ಟಲಿನ ತಳಕ್ಕೆ ಒಂದು ಪದರ ಸುರುಳಿ, ಅದರ ಮೇಲೆ ಹಕ್ಕಿ ತಂದ ಕಡ್ಡಿ ಎಂಬ ಪದ್ಧತಿಯಲ್ಲಿ ಮರಿ ಮಾಡಿಸುತ್ತಿದ್ದೇನೆ. ಒಂದೇ ಎಚ್ಚರಿಕೆ: ಗೆದ್ದಲು ನಿರೋಧಕ ಔಷಧ, ಬಣ್ಣ, ಅಂಟು ಸೋಕಿದ ಮರದ ಹೊಪ್ಪಳಿಕೆ ಬೇಡ, ಪ್ಲೈವುಡ್ಡಿನದಂತೂ ಬೇಡವೇ ಬೇಡ.

ಹಳೆಯ ಅಟ್ಟ:

ತಳದ ಪದರವಾಗಿ ಒಪ್ಪುತ್ತೇನೆ. ಮೇಲಿನ ಪದರವಾಗಿ ಒಪ್ಪುವುದಿಲ್ಲ.

ತಂಬಾಕಿನ ಕಾಂಡ:

ಈ ಹೆಸರನ್ನು ನಾನು ಇಟ್ಟುಕೊಂಡಿರುವುದಕ್ಕೆ ಕಾರಣವಿದೆ. ಒಣಗಿಸಿದ ತಂಬಾಕಿನ ಕಾಂಡ ಮತ್ತು ಎಲೆಯ ನಡುದಿಂಡು ಗೂಡಿಗೆ ಅತ್ಯುತ್ತಮವೆಂಬುದು ಹಲವು ದೇಶಗಳ ಪಾರಿವಾಳ ಸಾಕಣೆಗಾರರು ಬಹುಕಾಲದಿಂದ ಪಾಲಿಸಿಕೊಂಡು ಬಂದಿರುವ ಮಾತು. ಬಿರುಸು ಸರಿಯಾಗಿರುತ್ತದೆ, ಹಕ್ಕಿಗಳು ಆಸೆಯಿಂದ ಹೊರುತ್ತವೆ, ಅದರಲ್ಲಿರುವ ನಿಕೋಟಿನ್ ಹೇನು, ನುಸಿಗಳನ್ನು ದೂರವಿಡುತ್ತದೆ. ಕಳೆದ ಶತಮಾನದ ಮೊದಲ ಭಾಗದಲ್ಲಿ ಕೋಳಿಮನೆಗಳ ಹೇನಿಗೆ ನಿಕೋಟಿನ್ ಸಲ್ಫೇಟನ್ನೇ ಬಳಿಯುತ್ತಿದ್ದರು. ಇದನ್ನು ಯಾರೂ ಪ್ರಸ್ತಾಪಿಸದಿರುವುದು ನನಗೆ ಆಶ್ಚರ್ಯ ತಂದಿದೆ.

ಔಷಧಪೆಟ್ಟಿಗೆ:

ಪ್ರಸ್ತಾಪಿಸಿದ್ದೀರಿ, ಒಳ್ಳೆಯದೇ ಆಯಿತು. ಆದರೆ ನೀವು ಹೇಳಿದ್ದು ಅರ್ಧ ಕಥೆ. ಮೆಕ್ಸಿಕೊ ನಗರದ ಗುಬ್ಬಚ್ಚಿಗಳು ಮತ್ತು ಮನೆ ಫಿಂಚ್ ಹಕ್ಕಿಗಳು ಸೇದಿ ಬಿಸಾಡಿದ ಸಿಗರೇಟಿನ ತುಂಡುಗಳನ್ನು ಬಿಡಿಸಿ ಗೂಡಿಗೆ ಹಾಕಿಕೊಳ್ಳುವುದನ್ನು ಅಲ್ಲಿನ ಸಂಶೋಧಕರು ಅಧ್ಯಯನ ಮಾಡಿ 2012ರ ಕೊನೆಯಲ್ಲಿ ಪ್ರಕಟಿಸಿದರು. ಅಂಥ ಎಳೆ ಹೆಚ್ಚಿದ್ದ ಗೂಡುಗಳಲ್ಲಿ ಪರಾವಲಂಬಿ ಕೀಟಗಳು ಕಡಿಮೆಯಿದ್ದವು ಎಂಬುದು ನಿಜ. ಅದೇ ತಂಡ ಮುಂದೆ ಮರಿಗಳ ರಕ್ತವನ್ನು ಪರೀಕ್ಷಿಸಿದಾಗ, ಆ ಎಳೆ ಹೆಚ್ಚಿದ್ದ ಗೂಡಿನ ಮರಿಗಳ ಕೆಂಪು ರಕ್ತಕಣಗಳಲ್ಲಿ ಕೋಶಕೇಂದ್ರದ ದೋಷಗಳು ಹೆಚ್ಚಾಗಿ ಕಂಡವು. ಸೇದಿದ ಸಿಗರೇಟಿನ ತುಂಡಿನಲ್ಲಿ ನಿಕೋಟಿನ್ ಅಲ್ಲದೆ ಬೇರೆ ವಿಷಗಳೂ ಇರುವುದರಿಂದ ಅದನ್ನೂ ಒಣ ಕಾಂಡವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಕೀಟಕ್ಕೆ ವಿಷವಾದದ್ದು ಕಣ್ಣು ತೆರೆಯದ ಮರಿಗೆ ಅಮೃತವೆಂದು ಭಾವಿಸಲು ಕಾರಣವಿಲ್ಲ. ಒದ್ದೆಯಾದ ತಂಬಾಕಿನಿಂದ ನಿಕೋಟಿನ್ ಚರ್ಮದ ಮೂಲಕವೇ ಒಳಸೇರುತ್ತದೆ. ಹಸಿ ತಂಬಾಕು ಕೊಯ್ಯುವ ಕೆಲಸಗಾರರಿಗೆ ಅದರಿಂದಲೇ ವಾಂತಿ, ತಲೆಸುತ್ತು ಬರುವುದುಂಟು. ಗೂಡಿನ ತಳ ಒದ್ದೆಯಾಗುವುದೇ ಮರಿಗಳಿರುವಾಗ.

ಇನ್ನು ಗೂಡಿನಲ್ಲಿ ನಿಜವಾಗಿ ಸೇರಿಕೊಳ್ಳುವ ಶತ್ರುಗಳ ವಿಷಯ. ಗರಿಯಲ್ಲಿ ಕಾಣುವ ಉದ್ದನೆಯ ಹೇನು ಹಕ್ಕಿಯ ಮೈಮೇಲೆಯೇ ಬಾಳುವುದರಿಂದ ಗೂಡಿನ ಕಡ್ಡಿಗೂ ಅದಕ್ಕೂ ಹೆಚ್ಚು ಸಂಬಂಧವಿಲ್ಲ. ಗೂಡಿನ ಶತ್ರುಗಳು ಎರಡು. ಮೊದಲನೆಯದು ಕೆಂಪು ನುಸಿ: ಹಗಲೆಲ್ಲ ಹಲಗೆಯ ಬಿರುಕು, ಬಟ್ಟಲಿನ ಅಡಿ, ಕಡ್ಡಿಗಳ ಸಂದಿಯಲ್ಲಿ ಅಡಗಿ, ರಾತ್ರಿ ಬಂದು ರಕ್ತ ಹೀರುತ್ತದೆ, ಬೆಚ್ಚಗಿನ ಕಾಲದಲ್ಲಿ ಮೊಟ್ಟೆಯಿಂದ ಬೆಳೆದ ನುಸಿಯಾಗಲು ಒಂದು ವಾರ, ಹತ್ತು ದಿನ ಸಾಕು, ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕಿರಬಲ್ಲದು. ಖಾಲಿ ಬಿದ್ದಿದ್ದ ಹಳೆಯ ಗೂಡುಪೆಟ್ಟಿಗೆಯನ್ನು "ಇಷ್ಟು ದಿನ ಹಕ್ಕಿಯೇ ಇರಲಿಲ್ಲವಲ್ಲ" ಎಂದು ತೊಳೆಯದೆ ಬಳಸುವವರು ಇದನ್ನು ನೆನಪಿಡಬೇಕು. ಎರಡನೆಯದು ಪಾರಿವಾಳದ ನೊಣ, ಗರಿಗಳ ನಡುವೆ ಏಡಿಯಂತೆ ಪಕ್ಕಕ್ಕೆ ಸರಿದಾಡುವ ಚಪ್ಪಟೆ ನೊಣ. ಅದು ಮೊಟ್ಟೆಯನ್ನು ಹೊರಗೆ ಇಡುವುದಿಲ್ಲ. ಹೊಟ್ಟೆಯೊಳಗೇ ಬೆಳೆಸಿದ ಹುಳುವನ್ನು ಗೂಡಿನಲ್ಲೋ ಪಕ್ಕದ ಕತ್ತಲೆಯ ಸಂದಿಯಲ್ಲೋ ಬಿಡುತ್ತದೆ, ಅದು ಕೂಡಲೇ ಕಪ್ಪು ಕಾಳಿನಂಥ ಕೋಶವಾಗುತ್ತದೆ. ಕೋಶ ಒಡೆದು ನೊಣ ಹೊರಬರಲು ಸುಮಾರು ನಾಲ್ಕು ವಾರ ಬೇಕು. ಮಲೇರಿಯಾವನ್ನು ಹೋಲುವ ಹೀಮೊಪ್ರೋಟಿಯಸ್ ಎಂಬ ರಕ್ತದ ಸೋಂಕನ್ನು ಪಾರಿವಾಳಗಳಿಗೆ ಹರಡುವುದು ಇದೇ ನೊಣ.

ಈ ಎರಡು ಲೆಕ್ಕಗಳನ್ನು ಇಟ್ಟುಕೊಂಡರೆ ಗೂಡಿನ ವಸ್ತುವನ್ನು ಯಾವಾಗ ಬದಲಿಸಬೇಕೆಂಬುದು ತಾನಾಗಿಯೇ ತಿಳಿಯುತ್ತದೆ: ಕೋಶ ಒಡೆಯುವ ಮೊದಲೇ, ಅಂದರೆ ಮೂರು ವಾರಕ್ಕೊಮ್ಮೆ ಹಳೆಯದನ್ನು ತೆಗೆದು, ಬಟ್ಟಲಿನ ಅಡಿಯನ್ನೂ ಮೂಲೆಗಳನ್ನೂ ಕೆರೆದು, ಗೂಡುಮನೆಯಿಂದ ದೂರಕ್ಕೆ ಸಾಗಿಸಬೇಕು. ಅಗ್ಗದ ಕಡ್ಡಿಯನ್ನು ಮತ್ತೆ ಮತ್ತೆ ಬದಲಿಸುವುದು ದುಬಾರಿಯಾದ ಕಡ್ಡಿಯನ್ನು ಮೂರು ಮರಿಗಳ ಕಾಲಕ್ಕೂ ಉಳಿಸಿಕೊಳ್ಳುವುದಕ್ಕಿಂತ ಮೇಲು. ಪರ್ಮೆಥ್ರಿನ್‌ನಂಥ ಕೀಟನಾಶಕ ಬೇಕೇಬೇಕಾದರೆ ಪಶುವೈದ್ಯರನ್ನು ಕೇಳಿ, ಖಾಲಿ ಪೆಟ್ಟಿಗೆಗೆ ಹಾಕಿ, ಒಣಗಿದ ಮೇಲೆ ಹೊಸ ಹುಲ್ಲು ಇಡಿ. ಮನೆಯಲ್ಲಿ ಬೆಕ್ಕು ಇದ್ದರೆ ಅದಕ್ಕೆ ಆ ಔಷಧ ಪ್ರಾಣಾಂತಿಕ ಎಂಬುದನ್ನು ಮರೆಯಬೇಡಿ.

ತಂಬಾಕಿನ ಕಾಂಡ:

ರಕ್ತಪರೀಕ್ಷೆಯ ವಿಷಯ ನನಗೆ ತಿಳಿದಿರಲಿಲ್ಲ. ಕಾಂಡವನ್ನು ಪೂರ್ತಿ ಬಿಡುತ್ತೇನೆಂದು ಈಗಲೇ ಹೇಳಲಾರೆ. ಆದರೆ ಮರಿ ಒಡೆಯುವ ಮೊದಲು ಬಟ್ಟಲಿನ ಮೇಲಿನ ಪದರವನ್ನಾದರೂ ಬೇರೆ ಹುಲ್ಲಿನಿಂದ ಮುಚ್ಚುವೆ.

ಪುಸ್ತಕದ ಹುಳು:

ನಾನು ಪಾರಿವಾಳ ಸಾಕಿದವನಲ್ಲ, ಪ್ರಾಣಿಗಳ ವರ್ತನೆಯ ಬಗ್ಗೆ ಓದುವ ಹವ್ಯಾಸದವನು. "ಗಂಡು ಹೊರಬೇಕು, ಹೆಣ್ಣು ಜೋಡಿಸಬೇಕು" ಎಂಬ ಹಿರಿಯರ ಮಾತಿಗೆ ಪ್ರಯೋಗಶಾಲೆಯ ಆಧಾರವಿರುವುದರಿಂದ ಇಲ್ಲಿ ಬಾಯಿ ಹಾಕುತ್ತಿದ್ದೇನೆ.

ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಡೇನಿಯಲ್ ಲೆಹ್ರ್‌ಮನ್ ಎಂಬ ವಿಜ್ಞಾನಿ 1950 ಮತ್ತು 60ರ ದಶಕಗಳಲ್ಲಿ, ಕೊರಳಿಗೆ ಕಪ್ಪು ಪಟ್ಟಿಯಿರುವ ಸಾಕು ಬೆಳವಗಳ ಮೇಲೆ ಸರಳವೂ ಸುಂದರವೂ ಆದ ಪ್ರಯೋಗಗಳನ್ನು ಮಾಡಿದರು. ಅವರೂ ಅವರ ಸಹೋದ್ಯೋಗಿಗಳೂ 1961ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಕೆಲವು ಹಕ್ಕಿಗಳನ್ನು ಒಂಟಿಯಾಗಿ, ಕೆಲವನ್ನು ಜೊತೆಗಾರನೊಂದಿಗೆ, ಇನ್ನು ಕೆಲವನ್ನು ಜೊತೆಗಾರನ ಜೊತೆಗೆ ಗೂಡುಬಟ್ಟಲನ್ನೂ ಹುಲ್ಲನ್ನೂ ಕೊಟ್ಟು ಕೆಲವು ದಿನ ಇಟ್ಟು, ಆಮೇಲೆ ಸಿದ್ಧ ಮೊಟ್ಟೆಗಳಿರುವ ಗೂಡನ್ನು ಮುಂದಿಟ್ಟರು. ಒಂಟಿ ಹಕ್ಕಿಗಳು ಕಾವು ಕೂರಲಿಲ್ಲ. ಜೊತೆಗಾರ ಮಾತ್ರ ಇದ್ದವುಗಳಿಗಿಂತ, ಜೊತೆಗೆ ಹುಲ್ಲೂ ಸಿಕ್ಕಿ ಗೂಡು ಕಟ್ಟುತ್ತಿದ್ದ ಹಕ್ಕಿಗಳು ಹೆಚ್ಚು ಸಂಖ್ಯೆಯಲ್ಲಿ, ಹೆಚ್ಚು ಬೇಗ ಮೊಟ್ಟೆಯ ಮೇಲೆ ಕುಳಿತವು. ಜೊತೆಗಾರನನ್ನು ನೋಡುವುದೂ, ಹುಲ್ಲನ್ನು ಹೊರುವುದೂ ಜೋಡಿಸುವುದೂ ಹಕ್ಕಿಯ ಮೈಯೊಳಗಿನ ಹಾರ್ಮೋನುಗಳನ್ನು ಬದಲಿಸುತ್ತವೆ. ಆ ಬದಲಾವಣೆಯೇ ಮುಂದಿನ ಹಂತಕ್ಕೆ, ಅಂದರೆ ಕಾವು ಕೂರುವುದಕ್ಕೆ, ಅದನ್ನು ಅಣಿಗೊಳಿಸುತ್ತದೆ ಎಂಬುದು ಅವರ ನಿಲುವು.

ಬೆಳವ ಬೇರೆ, ಪಾರಿವಾಳ ಬೇರೆ, ನಿಜ. ಒಂದೇ ಕುಟುಂಬದವು, ಗೂಡು ಕಟ್ಟುವ ಕ್ರಮವೂ ಹತ್ತಿರದ್ದು. ಸಿದ್ಧವಾಗಿ ತುಂಬಿಟ್ಟ ಬಟ್ಟಲಿನಿಂದ ಹಕ್ಕಿಗೆ ಉಪಕಾರವಾಗುತ್ತದೆಂದು ನಾವು ತಿಳಿಯುತ್ತೇವೆ, ಆದರೆ ಅದಕ್ಕೆ ಬೇಕಾದ ಒಂದು ವಾರದ ಕೆಲಸವನ್ನೇ ಅದರಿಂದ ಕಸಿದುಕೊಂಡಿರುತ್ತೇವೇನೋ.

ಹಳೆಯ ಅಟ್ಟ:

ಇದನ್ನು ಓದಿ ನನಗೆ ಬಹಳ ಸಂತೋಷವಾಯಿತು. ಗೂಡನ್ನು ಪೂರ್ತಿ ನಾನೇ ಮಾಡಿಕೊಟ್ಟ ವರ್ಷಗಳಲ್ಲಿ ಹೊಸ ಜೋಡಿಗಳು ಮೊಟ್ಟೆ ಇಟ್ಟು, ಅರೆಮನಸ್ಸಿನಿಂದ ಕೂತು, ಅರ್ಧಕ್ಕೆ ಬಿಟ್ಟು ಏಳುತ್ತಿದ್ದವು. ಕಡ್ಡಿಯನ್ನು ನೆಲದಲ್ಲಿ ಇಡತೊಡಗಿದ ಮೇಲೆ ಅದು ಕಡಿಮೆಯಾಯಿತು. ವಯಸ್ಸು, ಮೇವು, ಋತು ಇವುಗಳ ಪಾಲೂ ಇದ್ದಿರಬಹುದು. ಆದರೂ ನನ್ನ ಅನುಮಾನ ಆ ಕಡೆಗೇ ಇತ್ತು.

ಬಿಳಿಗರಿ:

ಇಷ್ಟು ತಾಳ್ಮೆಯಿಂದ ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಮರಿಯ ಕಾಲಿಗೆ ಪಟ್ಟಿ ಕಟ್ಟಿ ಇಂದಿಗೆ 4 ದಿನ. ಬಿಚ್ಚಿದಾಗ ಕಾಲುಗಳು ಮೊದಲಿನಷ್ಟು ದೂರ ಸರಿಯುವುದಿಲ್ಲ. ಪಶುವೈದ್ಯರು ಇನ್ನೂ ಕೆಲವು ದಿನ ಮುಂದುವರಿಸಲು ಹೇಳಿದ್ದಾರೆ.

ಕಡ್ಡಿ ಆಯಲು ಹೋಗಿ ಇನ್ನೊಂದು ತಪ್ಪು ಮಾಡಿಕೊಂಡೆ. ಮಳೆ ನಿಂತ ಮರುದಿನ ಸರ್ವೆ ಮರದ ಅಡಿಯಿಂದ ಎರಡು ಚೀಲ ಸೂಜಿಗಳನ್ನು ಬಾಚಿ ತಂದು, ಪ್ಲಾಸ್ಟಿಕ್ ಚೀಲದ ಬಾಯಿ ಕಟ್ಟಿ ಇಟ್ಟೆ. ನಾಲ್ಕನೆಯ ದಿನ ಬಿಚ್ಚಿದರೆ ಒಳಗೆ ಬಿಸಿ, ಮಣ್ಣಿನ ವಾಸನೆ, ಅಲ್ಲಲ್ಲಿ ಬಿಳಿಯ ಬೂಷ್ಟು. ಒಣಗಿಸಿ ಬಳಸಬಹುದೇ?

ಔಷಧಪೆಟ್ಟಿಗೆ:

ಬಳಸಬೇಡಿ, ಎಸೆಯಿರಿ. ಬಿಸಿಲಿಗೆ ಹಾಕಿದರೆ ಬೂಷ್ಟು ಒಣಗುತ್ತದೆಯೇ ಹೊರತು ಅದರ ಬೀಜಕಗಳು ಹೋಗುವುದಿಲ್ಲ. ಬದಲಿಗೆ ಗಾಳಿಗೆ ಏಳಲು ಇನ್ನಷ್ಟು ಹಗುರವಾಗುತ್ತವೆ. ಕೊಳೆತ ಹುಲ್ಲಿನಲ್ಲಿ ಬೆಳೆಯುವ ಆಸ್ಪರ್ಜಿಲಸ್ ಎಂಬ ಶಿಲೀಂಧ್ರವು ಹಕ್ಕಿಗಳ ಶ್ವಾಸಕೋಶ ಮತ್ತು ಗಾಳಿಚೀಲಗಳಿಗೆ ಸೇರಿ ಉಸಿರಾಟದ ಕಾಯಿಲೆ ತರುತ್ತದೆ, ಮರಿಗಳಿಗೆ ಅಪಾಯ ಇನ್ನೂ ಹೆಚ್ಚು. ಎಸೆಯುವಾಗಲೂ ಮೂಗುಬಾಯಿಗೆ ಮುಸುಕು ಇರಲಿ, ಗೂಡುಮನೆಯ ಹತ್ತಿರ ಕೊಡವಬೇಡಿ.

ಹಳೆಯ ಅಟ್ಟ:

ನಾನೂ ಒಂದು ವರ್ಷ ಹೀಗೆಯೇ ಒಂದು ಮೂಟೆ ಹುಲ್ಲನ್ನು ಕಳೆದುಕೊಂಡವನು, ಸಂಕೋಚಪಡಬೇಡಿ. ಆಯುವ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮಳೆಯಿಲ್ಲದೆ ನಾಲ್ಕೈದು ದಿನ ಕಳೆದ ಮೇಲೆ, ಇಬ್ಬನಿ ಆರಿದ ಹೊತ್ತಿನಲ್ಲಿ ಹೋಗಿ. ನೆಲಕ್ಕೆ ಅಂಟಿಕೊಂಡಿರುವ ಕೆಳಪದರವನ್ನು ಬಿಟ್ಟು ಮೇಲಿನ ಹೊಸ, ಕಂದು ಬಣ್ಣದ ಪದರವನ್ನು ಮಾತ್ರ ಬೆರಳಿನಿಂದ ಎತ್ತಿ. ಕಪ್ಪಾಗಿದ್ದರೆ ಅದು ಆಗಲೇ ಕೊಳೆಯತೊಡಗಿದೆ ಎಂದರ್ಥ. ಹೊಲದ ಹುಲ್ಲಾದರೆ ಕಟಾವಿಗೆ ಮೊದಲು ಯಾವ ಔಷಧ ಸಿಂಪಡಿಸಿದ್ದರು ಎಂದು ಹೊಲದವರನ್ನು ಕೇಳಿಕೊಂಡೇ ತನ್ನಿ. ರಸ್ತೆಬದಿಯ ಹುಲ್ಲು, ಕಾಡು ಹಕ್ಕಿಗಳ ಹಳೆಯ ಗೂಡು, ಕೋಳಿಮನೆಯ ಪಕ್ಕದ ರಾಶಿ, ಇವು ಎಷ್ಟೇ ಸುಲಭವಾಗಿ ಕೈಗೆ ಸಿಕ್ಕರೂ ಬೇಡ. ಕಣಗಿಲೆಯ ಗಿಡ ಎಲೆಯಿಂದ ಬೇರಿನವರೆಗೂ ವಿಷ, ಅದರ ರೆಂಬೆ ಕಡ್ಡಿಗಳ ನಡುವೆ ಸೇರದಂತೆ ನೋಡಿಕೊಳ್ಳಿ. ಮುಳ್ಳಿರುವ ಯಾವುದೂ ಬೇಡವೆಂದು ಹೇಳಬೇಕಾಗಿಲ್ಲ.

ತಂದದ್ದನ್ನು ಒಂದು ಜಾಲರಿಯ ಮೇಲೆ ಕೊಡವಿ ಮಣ್ಣು, ಪುಡಿ, ಹುಳುಗಳನ್ನು ಉದುರಿಸಿ, ತೆಳುವಾಗಿ ಹರಡಿ ಎರಡು ಮೂರು ದಿನ ಬಿಸಿಲಿಗೆ ಹಾಕಿ, ದಿನಕ್ಕೆರಡು ಬಾರಿ ತಿರುವಿ. ಒಣಗಿತೆಂದು ಕೈಗೆ ಅನ್ನಿಸುವುದನ್ನು ನಂಬಬೇಡಿ; ಒಂದು ಹಿಡಿಯನ್ನು ಗಾಜಿನ ಸೀಸೆಯಲ್ಲಿ ಹಾಕಿ ಮುಚ್ಚಳ ಬಿಗಿದು ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಇಡಿ. ಸೀಸೆಯ ಒಳಮೈ ಮಂಜಾದರೆ ಇನ್ನೂ ತೇವವಿದೆ. ಈ ಪರೀಕ್ಷೆಯಲ್ಲಿ ಗೆದ್ದದ್ದನ್ನು ಮಾತ್ರ ಗೋಣಿಚೀಲದಲ್ಲೋ ಬಟ್ಟೆಯ ಚೀಲದಲ್ಲೋ ಸಡಿಲವಾಗಿ ತುಂಬಿ, ನೆಲಕ್ಕೆ ತಾಗದಂತೆ ತೂಗುಹಾಕಿ. ಇಲಿ ಅದರೊಳಗೆ ಸೇರಿ ಉಚ್ಚೆ ಹೊಯ್ದರೆ ಅಷ್ಟೂ ವ್ಯರ್ಥ. ದಪ್ಪ ಕಡ್ಡಿ ಮತ್ತು ತೆಂಗಿನ ನಾರಿಗೆ ನಾನು ಕುದಿಯುವ ನೀರು ಹೊಯ್ದು ಮತ್ತೆ ಒಣಗಿಸುತ್ತೇನೆ. ನಾರನ್ನು ಮಾತ್ರ ಬೆರಳುದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿ, ಇಲ್ಲವಾದರೆ ಟವೆಲಿನ ನೂಲು ಮಾಡಿದ್ದನ್ನೇ ಅದೂ ಮಾಡುತ್ತದೆ.

ಔಷಧಪೆಟ್ಟಿಗೆ:

ಹುಲ್ಲು ಸ್ವಲ್ಪವೇ ಇದ್ದರೆ ಇನ್ನೊಂದು ದಾರಿಯಿದೆ. ಒಣಗಿದ ಹುಲ್ಲನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಫ್ರೀಜರಿನಲ್ಲಿ, ಮೈನಸ್ 18 ಡಿಗ್ರಿಯಲ್ಲಿ, ಕೆಲವು ದಿನ ಇಟ್ಟರೆ ಅದರಲ್ಲಿ ಬಂದಿರಬಹುದಾದ ನುಸಿ, ಕೀಟಗಳು ಸಾಯುತ್ತವೆ. ಹೊರತೆಗೆದ ಮೇಲೆ ಚೀಲ ಪೂರ್ತಿ ಸಾಮಾನ್ಯ ಉಷ್ಣಕ್ಕೆ ಬರುವವರೆಗೆ ಬಾಯಿ ಬಿಚ್ಚಬೇಡಿ, ಬಿಚ್ಚಿದರೆ ತಂಪಾದ ಹುಲ್ಲಿನ ಮೇಲೆ ಗಾಳಿಯ ತೇವ ಇಳಿದು ಮಾಡಿದ ಕೆಲಸವೆಲ್ಲ ಕೆಡುತ್ತದೆ.

ಬಿಳಿಗರಿ:

ಇನ್ನೆರಡು ಪ್ರಶ್ನೆಗಳು. ನೆಲದ ಮೇಲೆ ಕಡ್ಡಿ ಹರಡಿದರೆ ಎಲ್ಲ ಹಕ್ಕಿಗಳೂ ಅದರ ಮೇಲೆ ಹಿಕ್ಕೆ ಹಾಕುತ್ತವೆ. ಹೊರುವ ಮೊದಲೇ ಕೊಳೆಯಾದರೆ ಏನು ಪ್ರಯೋಜನ? ಮತ್ತೆ, ಯಾವ ದಿನದಿಂದ ಯಾವ ದಿನದವರೆಗೆ ಒದಗಿಸಬೇಕು?

ಮರದಚಕ್ಕೆ:

ಮೊದಲನೆಯದಕ್ಕೆ ನಾನು ಉತ್ತರಿಸಬಲ್ಲೆ. ಒಂದು ಅಂಗುಲ ಕಣ್ಣಿನ ತಂತಿಜಾಲರಿಯನ್ನು ಡಬ್ಬಿಯಂತೆ ಬಾಗಿಸಿ ಗೋಡೆಗೆ, ನೆಲದಿಂದ ಒಂದು ಗೇಣು ಎತ್ತರದಲ್ಲಿ ನೇತುಹಾಕಿ, ಮೇಲೆ ಇಳಿಜಾರು ಹಲಗೆ ಮುಚ್ಚಿ. ಕಡ್ಡಿಗಳ ತುದಿ ಜಾಲರಿಯಿಂದ ಹೊರಗೆ ಇಣುಕುವಂತಿದ್ದರೆ ಗಂಡು ಒಂದೊಂದನ್ನೇ ಎಳೆದುಕೊಳ್ಳುತ್ತದೆ. ತಂತಿಯ ಕತ್ತರಿಸಿದ ತುದಿಗಳನ್ನು ಮಡಿಸಲು ಮರೆಯಬೇಡಿ.

ಹಳೆಯ ಅಟ್ಟ:

ಜೋಡಿ ಕಟ್ಟಿ ಕೂಡಿದ ಮೇಲೆ ಮೊದಲ ಮೊಟ್ಟೆಗೆ ಸಾಮಾನ್ಯವಾಗಿ 8ರಿಂದ 12 ದಿನ ಹಿಡಿಯುತ್ತದೆ. ಜೋಡಿ ಒಂದು ಪೆಟ್ಟಿಗೆಯನ್ನು ತಮ್ಮದೆಂದು ಹಿಡಿದುಕೊಂಡ ದಿನದಿಂದಲೇ ಕಡ್ಡಿ ಇರಲಿ. ಮೊದಲ ಮೊಟ್ಟೆ ಸಂಜೆಯ ಹೊತ್ತಿಗೆ, ಎರಡನೆಯದು ನಡುವೆ ಒಂದು ದಿನ ಬಿಟ್ಟು ಮಧ್ಯಾಹ್ನ ಬರುವುದು ವಾಡಿಕೆ. ಎರಡನೆಯದು ಬಂದ ಮೇಲೆ ಹೊಸದಾಗಿ ತುಂಬುವುದನ್ನು ಕಡಿಮೆ ಮಾಡಿ, ಆದರೆ ಪೂರ್ತಿ ನಿಲ್ಲಿಸಬೇಡಿ. ಹಗಲಿನ ಹೊತ್ತು ಬೆಳಗಿನಿಂದ ಮಧ್ಯಾಹ್ನ ಕಳೆಯುವವರೆಗೆ ಗಂಡು ಕೂರುತ್ತದೆ, ಉಳಿದ ಹೊತ್ತು ಹೆಣ್ಣು. ಪಾಳಿ ಬದಲಾಗುವಾಗ ಒಂದು ಕಡ್ಡಿಯನ್ನು ಹಿಡಿದು ಬರುವುದು ಕೆಲವು ಗಂಡುಗಳ ರೂಢಿ.

ಸುಮಾರು 18 ದಿನಕ್ಕೆ ಮರಿ ಒಡೆಯುತ್ತದೆ. ಮೊದಲ ವಾರ ಗೂಡನ್ನು ಕದಲಿಸದಿರುವುದೇ ಲೇಸು. ಆಮೇಲೆ ಮರಿಗಳು ಬೆಳೆದಂತೆ ಹಿಂಭಾಗವನ್ನು ಅಂಚಿಗೆ ತಿರುಗಿಸಿ ಹಿಕ್ಕೆಯನ್ನು ಹೊರಕ್ಕೆ ಹಾಕಲು ಕಲಿಯುತ್ತವೆ. ತಾಯಿತಂದೆ ಅದನ್ನು ಎತ್ತಿ ಸಾಗಿಸುವ ಹಕ್ಕಿಗಳಲ್ಲ. ಕಾಡಿನಲ್ಲಿ, ಸೇತುವೆಗಳಡಿ ಅದೇ ಗೂಡನ್ನು ಮತ್ತೆ ಮತ್ತೆ ಬಳಸಿದಾಗ ಕಡ್ಡಿಯೂ ಹಿಕ್ಕೆಯೂ ಸೇರಿ ಗಟ್ಟಿಯಾಗಿ ಮಡಕೆಯಂತೆ ಎದ್ದು ನಿಲ್ಲುವುದನ್ನು ನೀವು ನೋಡಿರಬಹುದು. ನಮ್ಮ ಗೂಡುಮನೆಯಲ್ಲಿ ಹಾಗೆ ಬಿಡಬಾರದು. ಮರಿಗೆ ಹತ್ತು ದಿನವಾದಾಗ ಒದ್ದೆಯಾದ ಮೇಲಿನ ಪದರವನ್ನು ತೆಗೆದು, ಅಷ್ಟೇ ಒಣ ಹುಲ್ಲನ್ನು ಹಾಕಿ ಮರಿಗಳನ್ನು ಅದೇ ಬಟ್ಟಲಿಗೆ ಮರಳಿಸಿ.

ಇಲ್ಲಿ ಹೆಚ್ಚಿನವರು ಮರೆಯುವ ವಿಷಯವೊಂದಿದೆ. ಮರಿಗಳಿಗೆ ಎರಡು ಮೂರು ವಾರ ತುಂಬುವಷ್ಟರಲ್ಲಿ ಹೆಣ್ಣು ಮತ್ತೆ ಮೊಟ್ಟೆಗೆ ಸಿದ್ಧವಾಗುತ್ತದೆ. ಎರಡನೆಯ ಬಟ್ಟಲು ಮತ್ತು ಎರಡನೆಯ ಕಂತಿನ ಕಡ್ಡಿ ಆ ಹೊತ್ತಿಗೆ ಅದೇ ಪೆಟ್ಟಿಗೆಯ ಇನ್ನೊಂದು ಮೂಲೆಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಗಂಡು ಮರಿಗಳ ಕಾಲಡಿಯಿಂದಲೇ ಕಡ್ಡಿ ಎಳೆದು ಒಯ್ಯುತ್ತದೆ, ಹೆಣ್ಣು ಮರಿಗಳ ನಡುವೆಯೇ ಮೊಟ್ಟೆಯಿಟ್ಟು ಅದು ತುಳಿತಕ್ಕೆ ಸಿಕ್ಕಿ ಒಡೆಯುತ್ತದೆ.

ಔಷಧಪೆಟ್ಟಿಗೆ:

ಹಳೆಯ ಗೂಡನ್ನು ಕೆರೆಯುವವರ ಬಗ್ಗೆ ಒಂದು ಮಾತು. ಒಣಗಿದ ಹಿಕ್ಕೆ ಮತ್ತು ಗರಿಯ ಧೂಳನ್ನು ವರ್ಷಗಟ್ಟಲೆ ಉಸಿರಾಡಿದವರಲ್ಲಿ ಕೆಲವರಿಗೆ ಶ್ವಾಸಕೋಶದ ಅಲರ್ಜಿ ಹತ್ತಿ, ಕೊನೆಗೆ ಹಕ್ಕಿಗಳನ್ನೇ ಬಿಡಬೇಕಾಗುತ್ತದೆ. ಕೆರೆಯುವ ಮೊದಲು ನೀರು ಚಿಮುಕಿಸಿ ಧೂಳು ಏಳದಂತೆ ಮಾಡಿ, ಬಿಗಿಯಾಗಿ ಕೂರುವ ಮಾಸ್ಕ್ ಹಾಕಿಕೊಳ್ಳಿ. ಕೆರೆದ ಮೇಲೆ ಪೆಟ್ಟಿಗೆ ಪೂರ್ತಿ ಒಣಗುವವರೆಗೆ ಹೊಸ ಕಡ್ಡಿ ಇಡಬೇಡಿ, ಏಕೆಂದರೆ ರಕ್ತಭೇದಿಯ ಕಾಕ್ಸಿಡಿಯಾ ಜೀವಿಗಳು ಸೋಂಕು ಹರಡುವ ಸ್ಥಿತಿಗೆ ಬೆಳೆಯಲು ತೇವವೇ ಬೇಕು.

ಬಿಳಿಗರಿ:

ಆರು ವಾರಗಳ ನಂತರ ಬರೆಯುತ್ತಿದ್ದೇನೆ. ಕಾಲು ಜಾರಿದ್ದ ಮರಿ ಈಗ ನಡೆಯುತ್ತದೆ, ಹಾರುತ್ತದೆ. ಬಲಗಾಲನ್ನು ತುಸು ಹೊರಕ್ಕೆ ಇಡುವುದನ್ನು ಬಿಟ್ಟರೆ ಉಳಿದವುಗಳಿಂದ ಬೇರೆಯಾಗಿ ಕಾಣುವುದಿಲ್ಲ. ಎರಡನೆಯ ಬಟ್ಟಲನ್ನು ಇಟ್ಟೆ, ಜಾಲರಿಯ ಡಬ್ಬಿಯಲ್ಲಿ ಸರ್ವೆಯ ಸೂಜಿ, ಹುಲ್ಲಿನ ಕಾಂಡ, ತುಂಡರಿಸಿದ ಕಡ್ಡಿಗಳನ್ನು ತುಂಬಿಸಿದೆ. ಗಂಡು ಮೊದಲ ದಿನ ಡಬ್ಬಿಯನ್ನು ಕಂಡು ಹೆದರಿತು, ಎರಡನೆಯ ದಿನ ಬೆಳಿಗ್ಗೆ ಒಂದು ಗಂಟೆಯಲ್ಲಿ 31 ಬಾರಿ ಹೊತ್ತಿತು. ನಾನು ಕುಳಿತು ಎಣಿಸಿದೆ. ಮೊಟ್ಟೆಗಳು ಬಂದು ಇಂದಿಗೆ 10 ದಿನ, ಎರಡೂ ಬೆಳಕಿಗೆ ಹಿಡಿದಾಗ ಒಳಗೆ ರಕ್ತನಾಳ ಕಾಣುತ್ತಿವೆ.

ಆದರೆ ಗಂಡು ಇನ್ನೂ ಹೊರುವುದನ್ನು ನಿಲ್ಲಿಸಿಲ್ಲ. ಬಟ್ಟಲಿನ ಅಂಚು ದಿನದಿಂದ ದಿನಕ್ಕೆ ಎತ್ತರವಾಗುತ್ತಿದೆ, ಹೆಣ್ಣಿನ ಬಾಲ ಮಾತ್ರ ಹೊರಗೆ ಕಾಣುತ್ತದೆ. ಡಬ್ಬಿಯನ್ನು ತೆಗೆಯಲೇ?

ಹಳೆಯ ಅಟ್ಟ:

ಡಬ್ಬಿಯನ್ನು ತೆಗೆಯಬೇಡಿ, ಅರ್ಧ ಖಾಲಿ ಮಾಡಿ. ಮೊಟ್ಟೆಗಳು ಕಡ್ಡಿಯ ಮೇಲೆ ಇವೆಯೇ ಅಥವಾ ಅಡಿಗೆ ಹೋಗಿವೆಯೇ ಎಂದು ಸಂಜೆ ಪಾಳಿ ಬದಲಾಗುವಾಗ ಒಮ್ಮೆ ಇಣುಕಿ ನೋಡಿ. ಮೇಲಿದ್ದರೆ ಅದರ ಪಾಡಿಗೆ ಅದನ್ನು ಹೊರಲು ಬಿಡಿ.

ಒಂಟಿಕಡ್ಡಿ:

ಆ ತಂತಿಯ ಚೂರು ಎಲ್ಲಿ ಹೋಯಿತೆಂದು ಹುಡುಕಿದಿರಾ?

ಬಿಳಿಗರಿ:

ಈಗಲೇ ನೋಡಿ ಬಂದೆ. ಹಳೆಯ ಬಟ್ಟಲಿನಿಂದ ನಾನು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದೆ, ಅಲ್ಲಿಲ್ಲ. ಹೊಸ ಗೂಡಿನ ಅಂಚಿನಲ್ಲಿ, ಹುಲ್ಲುಗಳ ನಡುವೆ ಸಿಕ್ಕಿಸಿತ್ತು. ಹೆಣ್ಣು ಎದ್ದಾಗ ಎಳೆದು ತೆಗೆದು ಹೊರಗೆ ಕಸದ ಡಬ್ಬಿಗೆ ಹಾಕಿದ್ದೇನೆ.